ಪಟದ ಕೆಳಗಿನ ಬೋಗುಣಿ

ನಾನು ಒಂದು ತಾಮ್ರದ ಬೋಗುಣಿ. ಬೆಟಗೇರಿಯ ಓಣಿಯೊಂದರಲ್ಲಿ ಸುತ್ತಿಗೆಯ ಪೆಟ್ಟು ತಿಂದು ಹುಟ್ಟಿದೆ. ರಾಹೇಲವ್ವ ನನ್ನನ್ನು ಕೊಂಡು ತಂದು, ತನ್ನ ಇಬ್ಬರು ಹೆಣ್ಣುಮಕ್ಕಳು ಎಸ್ತೇರವ್ವ ಮತ್ತು ಸಲೋಮಿಯನ್ನು ನನ್ನಲ್ಲೇ ಕೂರಿಸಿ ಎರೆದಳು. ಆಗ ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ.

ಬೆಳೆದ ಮೇಲೆ ಕಿರಿಯವಳಾದ ಸಲೋಮಿ ಸಮಾಧಾನಪ್ಪ ಮಾಸ್ತರರ ಸಭೆಗೆ ಸೇರಿ ನನ್ನನ್ನೂ ಅಲ್ಲಿಗೊಯ್ದಳು. ಅವರಿಗೆ ಶನಿವಾರವೇ ಕರ್ತನ ದಿನ. ಶುಕ್ರವಾರ ಹೊತ್ತು ಮುಳುಗಿದರೆ ಒಲೆ ಹಚ್ಚುವಂತಿಲ್ಲ. ಹಂದಿಮಾಂಸ, ಕಾಫಿ, ಕ್ರಿಸ್ಮಸ್ ಮೂರೂ ವರ್ಜ್ಯ. ಸತ್ತವರು ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಹೋಗುವುದಿಲ್ಲ, ಕೊನೆಯ ತುತೂರಿ ಊದುವ ತನಕ ಮಣ್ಣಿನಲ್ಲಿ ನಿದ್ದೆ ಮಾಡುತ್ತಾರೆ. ಪ್ರಭುವಿನ ಭೋಜನಕ್ಕೆ ಮುಂಚೆ ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯಬೇಕು. ಆ ಕೆಲಸಕ್ಕೆ ನಾನು ಬೇಕಿತ್ತು.

ನನ್ನ ನೆತ್ತಿಯ ಮೇಲೆ, ಗೋಡೆಯಲ್ಲಿ, ಒಂದು ಬಟ್ಟೆಯ ಪಟ ತೂಗುತ್ತಿತ್ತು. ಬೈಬಲಿನ ದಾನಿಯೇಲನ ಗ್ರಂಥದಲ್ಲಿ ರಾಜನ ಕನಸಿಗೆ ಬಂದ ಪ್ರತಿಮೆ: ಬಂಗಾರದ ತಲೆ, ಬೆಳ್ಳಿಯ ಎದೆ, ತಾಮ್ರದ ಹೊಟ್ಟೆ. ತಾಮ್ರವಂತೆ ತಾಮ್ರ! ಬರೀ ಬಣ್ಣ. ಅಪ್ಪಟ ತಾಮ್ರ ನಾನು ಕೆಳಗೆ ಕಾಲಿನ ಕೆಸರು ಕುಡಿಯುತ್ತಿದ್ದರೆ, ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದುದು ಅದನ್ನು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಾಸ್ತರರು ಕೋಲಿನಿಂದ ಪಟ ತೋರಿಸುತ್ತ ತಮ್ಮ ಮೂಲದ ಕತೆ ಹೇಳುತ್ತಿದ್ದರು. ಬಹಳ ಹಿಂದೆ ಅಮೆರಿಕದಲ್ಲಿ ಜನ ಬೈಬಲಿನ ದಿನಗಳನ್ನು ವರ್ಷಗಳೆಂದು ಲೆಕ್ಕ ಹಾಕಿ, ಯೇಸು ಬರುವ ದಿನ ಗೊತ್ತುಮಾಡಿ ಕಾದರು. ಆತ ಬರಲಿಲ್ಲ. ಅತ್ತು ಮನೆಗೆ ಹೋದವರು ಹೋದರು. ಉಳಿದ ಕೆಲವರು, ಲೆಕ್ಕ ಸರಿ, ಆ ದಿನ ನಡೆದದ್ದು ಭೂಮಿಯಲ್ಲಲ್ಲ, ಸ್ವರ್ಗದಲ್ಲಿರುವ ದೇವರ ಗುಡಾರದಲ್ಲಿ ಎಂದರು. ಅವರಿಂದ ಶನಿವಾರದ ಸಭೆ ಹುಟ್ಟಿತು, ಅದರಿಂದ ಕವಲು, ಕವಲಿಗೆ ಕವಲು. ಅಂಥ ಒಂದು ಸಭೆಯಿಂದ ಮಾಸ್ತರರನ್ನು ಹೊರಗೆ ಹಾಕಿದ್ದರು. ಕಾರಣ, ಅವರು ಮತ್ತೆ ದಿನ ಗೊತ್ತುಮಾಡಿದ್ದರು.

ಅಷ್ಟರಲ್ಲಿ ರಾಹೇಲವ್ವ ತೀರಿಕೊಂಡಳು. ಮಣ್ಣು ಕೊಡುವಾಗ, ಹಳೇ ಸಭೆಯಲ್ಲೇ ಉಳಿದಿದ್ದ ಎಸ್ತೇರವ್ವ, "ನಮ್ಮವ್ವ ಸ್ವರ್ಗ ಸೇರಿದ್ಲು" ಎಂದಳು. ಸಲೋಮಿ ಸುಮ್ಮನಿರಲಿಲ್ಲ. "ಇಲ್ಲಕ್ಕಾ, ಅವ್ವ ಮಲಗ್ಯಾಳ" ಎಂದಳು. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು.

ಮಾಸ್ತರರು ಗೊತ್ತುಮಾಡಿದ್ದ, ಯೇಸು ಬರುವ ದಿನ ಹತ್ತಿರ ಬಂತು. ಮುನಿಸು ಇಟ್ಟುಕೊಂಡವರು ಕಾಲು ತೊಳೆದು ರಾಜಿಯಾಗಲೇಬೇಕು, ಇಲ್ಲವಾದರೆ ಆತ ಕರೆದೊಯ್ಯುವುದಿಲ್ಲ ಎಂದರು ಮಾಸ್ತರರು. ಸಲೋಮಿ ನನ್ನನ್ನು ಸೊಂಟಕ್ಕೇರಿಸಿಕೊಂಡು ಅಕ್ಕನ ಬಾಗಿಲಿಗೆ ಹೋದಳು.

"ಅಕ್ಕಾ, ಕಾಲ ಕೊಡು. ನಾಳೆ ಸಂಜೀಕ ಆತ ಬರ್ತಾನ."

"ಮದಲ ಅವ್ವ ಸ್ವರ್ಗದಾಗ ಅದಾಳಂತ ಒಪ್ಕೋ."

"ಸುಳ್ಳ ಹೇಳಿ ಹ್ಯಾಂಗ ಕಾಲ ತೊಳೀಲಿ?"

ಎಸ್ತೇರವ್ವ ದಡಾರನೆ ಬಾಗಿಲು ಹಾಕಿಕೊಂಡಳು. ಸಲೋಮಿ ನನ್ನನ್ನು ಕಟ್ಟೆಯ ಮೇಲೆಯೇ ಬಿಟ್ಟು ಹೋದಳು. ಸಭೆಯವರು ಕಪ್ಪತಗುಡ್ಡಕ್ಕೆ ಹೊರಟರು. ಪಟವನ್ನು ಪಲ್ಲಕ್ಕಿಯ ದೊರೆಯ ಹಾಗೆ ಹೊತ್ತುಕೊಂಡು ಹೋದರಂತೆ! ಯೇಸುವನ್ನು ಎದುರುಗೊಳ್ಳಲು ಅದು ಬೇಕು, ನಾನು ಬೇಡ. ಆತ ಶಿಷ್ಯರ ಕಾಲು ತೊಳೆದದ್ದು ಪಟದಲ್ಲೋ, ಬೋಗುಣಿಯಲ್ಲೋ?

ಆತ ಬರಲಿಲ್ಲ. ಭಾನುವಾರ ಬೆಳಿಗ್ಗೆ ಸಲೋಮಿ ಒಬ್ಬಳೇ ಅಕ್ಕನ ಕಟ್ಟೆಗೆ ಬಂದು ಕುಸಿದು ಕೂತಳು. ಪವಿತ್ರ ನೆಲವೆಂದು ಚಪ್ಪಲಿ ಬಿಟ್ಟು ಹೋಗಿದ್ದ ಅವಳ ಅಂಗಾಲು ಸೀಳಿ ರಕ್ತ ಬಂದಿತ್ತು. ಬಾಗಿಲು ತೆರೆದ ಎಸ್ತೇರವ್ವ ನನ್ನಲ್ಲಿ ಬಿಸಿನೀರು ಸುರಿದು, ತಂಗಿಯ ಕಾಲನ್ನು ಇಳಿಸಿ, ಮುಳ್ಳು ಕೀಳತೊಡಗಿದಳು.

ಪಟ ಅಲ್ಲಿರಲಿಲ್ಲ. ಗೆದ್ದೆ ಅಂದುಕೊಂಡೆ ನಾನು.

"ಅವ್ವ ಎಲ್ಲಿ ಅದಾಳ, ಸಲೂ?" ಮುಳ್ಳು ಕೀಳುತ್ತಲೇ ಎಸ್ತೇರವ್ವ ಕೇಳಿದಳು.

"ಗೊತ್ತಿಲ್ಲಕ್ಕಾ."

"ನನಗೂ ಗೊತ್ತಿಲ್ಲವ್ವಾ."

ಇಬ್ಬರೂ ತಬ್ಬಿಕೊಂಡು ಅತ್ತರು. ನನ್ನತ್ತ ಯಾರೂ ನೋಡಲಿಲ್ಲ.

ಈಗ ನನ್ನ ತಳ ತೂತಾಗಿದೆ. ಹಿತ್ತಲಿನ ಮೂಲೆಯಲ್ಲಿ ಬಿದ್ದಿದ್ದೇನೆ, ಗುಜರಿಯವನ ದಾರಿ ಕಾಯುತ್ತ. ಪಟದ ಮೇಲಿನ ಹೊಟ್ಟೆಕಿಚ್ಚು ಎಂದೋ ಆರಿತು. ಇಂದಿಗೂ ಆರದಿರುವುದು ರಾಹೇಲವ್ವನ ಮೇಲಿನದು. ಅವಳು ಮಣ್ಣಿನಲ್ಲಿ ಮಲಗಿರಲಿ, ಸ್ವರ್ಗದಲ್ಲಿ ಕೂತಿರಲಿ, ಎಲ್ಲಿದ್ದಾಳೆ ಎಂದು ಕೇಳಿ ಅಳುವುದಕ್ಕೆ ಇಬ್ಬರಿದ್ದಾರೆ.