ಮಾಲಿನಿಯೊ ಕಟ್ಟಿಸದ ಸೇತುವೆ

ಮದುವೆಯ ದಿನವೇ ಅತ್ತೆ ಅವಳ ತವರಿನ ಹೆಸರನ್ನು ಬಿಡಿಸಿ ಮಾಲಿನಿಯೊ ಎಂದು ಕರೆದಿದ್ದಳು. ಲಿನಿಯೊಳ ತಾಯಿ ಎಂದು ಅರ್ಥ. ಬಸೋಥೊ ಜನರ ಮನೆಗಳಲ್ಲಿ ಸೊಸೆಗೆ ಹೀಗೆಯೇ. ಮಗುವಿನ ಹೆಸರು ಮೊದಲು ಬರುತ್ತದೆ, ಮಗು ಆಮೇಲೆ. ಲಿನಿಯೊ ಹುಟ್ಟಿ ಎರಡನೇ ತರಗತಿಗೆ ಹೋಗುವ ಹೊತ್ತಿಗೆ ತಾಯಿ ಲೆಸೋಥೊದ ಗುಡ್ಡಗಾಡಿನಲ್ಲೆಲ್ಲ ಸೇತುವೆ ಕಟ್ಟಿಸುವ ಎಂಜಿನಿಯರ್ ಎಂದು ಹೆಸರಾಗಿದ್ದಳು. ಗಂಡ ಲೆಬೆಕೊ ಚಿನ್ನದ ಗಣಿಯ ಕೆಲಸ ಬಿಟ್ಟು ಬಂದು ಹಾ-ತ್ಸೆಕಾ ಊರಿನಲ್ಲಿ ಕುರಿ ಸಾಕಿಕೊಂಡು ಮಗಳನ್ನು ನೋಡಿಕೊಳ್ಳುತ್ತಿದ್ದ. ಶಾಲೆ ಇದ್ದದ್ದು ಹೊಳೆಯ ಆಚೆ.

ಅಲ್ಲಿ ಫೆಬ್ರವರಿ ಎಂದರೆ ಮಳೆಗಾಲ. ಆ ವರ್ಷ ಮೇಲಿನ ಬೆಟ್ಟಗಳಲ್ಲಿ ಆಲಿಕಲ್ಲು ಮಳೆ ಸುರಿಯಿತು. ಊರಿನಲ್ಲಿ ಬಿಸಿಲಿತ್ತು. ಶಾಲೆ ಬಿಟ್ಟು ಬರುತ್ತಿದ್ದ ಲಿನಿಯೊ ಮತ್ತು ಪಕ್ಕದ ಮನೆಯ ಪುಲೆಂಗ್ ಹೊಳೆಗೆ ಇಳಿದಿದ್ದರಷ್ಟೆ, ಕೆಂಪು ನೀರು ಗೋಡೆಯ ಹಾಗೆ ಬಂದು ಇಬ್ಬರನ್ನೂ ಎಳೆದುಕೊಂಡು ಹೋಯಿತು. ಆ ಹೊತ್ತಿನಲ್ಲಿ ಮಾಲಿನಿಯೊ ದೂರದ ಇನ್ನೊಂದು ಹೊಳೆಯ ಮೇಲೆ ಸೇತುವೆಗೆ ಕಾಂಕ್ರೀಟ್ ಹಾಕಿಸುತ್ತಿದ್ದಳು. ಶುರುವಾದ ಕಾಂಕ್ರೀಟನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ಫೋನನ್ನು ಜೀಪಿನಲ್ಲೇ ಬಿಟ್ಟಿದ್ದಳು. ಸಂಜೆ ಕೈ ತೊಳೆದುಕೊಂಡು ಬಂದು ನೋಡಿದರೆ ಲೆಬೆಕೊ ಮಾಡಿದ ಕರೆಗಳು ಸಾಲಾಗಿ ನಿಂತಿದ್ದವು.

ತಲೆ ಬೋಳಿಸಿಕೊಂಡು, ಎದೆಗೆ ಕಪ್ಪು ಬಟ್ಟೆ ಚುಚ್ಚಿಕೊಂಡು ಸೂತಕ ಕಳೆದಳು. ಮಗು ಹೋಯಿತು, ಹೆಸರು ಉಳಿಯಿತು. ಅಂಗಡಿಯವನು, ಬಸ್ಸಿನವನು, ಪಾದ್ರಿ, ಎಲ್ಲರೂ ಮೊದಲಿನ ಹಾಗೆಯೇ ಲಿನಿಯೊಳ ತಾಯಿ ಎಂದು ಕೂಗುತ್ತಿದ್ದರು. ಪ್ರತಿ ಸಲವೂ ಅವಳು ತಿರುಗಿ ನೋಡಬೇಕಾಗುತ್ತಿತ್ತು.

ಸೇತುವೆ ಎಲ್ಲಿ ಆಗಬೇಕೆಂದು ತೀರ್ಮಾನಿಸುವವರು ಎಂಜಿನಿಯರುಗಳಲ್ಲ, ಮಂತ್ರಿಗಳು. ಮರುವರ್ಷ ಕೆಲಸಕ್ಕೆ ರಾಜೀನಾಮೆ ಕೊಟ್ಟು ಚುನಾವಣೆಗೆ ನಿಂತಳು. ಪಕ್ಷದ ಕಡೆಯಿಂದ ಪ್ರಚಾರ ನೋಡಿಕೊಳ್ಳಲು ಬಂದವನು ಫೂಫೊಲೊ ಎಂಬ ಮಾತುಗಾರ.

"ಮಗಳ ವಿಷಯ ಎತ್ತಿ, ಅವ್ವಾ. ಹೆಂಗಸರು ಒಂದ್ಸಲ ಅತ್ತುಬಿಟ್ರೆ ಸೀಟು ನಮ್ದೇ," ಎಂದ.

"ನನ್ನ ಮಗಳು ನಿನ್ನ ಪೋಸ್ಟರಲ್ಲ."

"ಸರಿ ಬಿಡಿ. ಸಿಮೆಂಟು, ಜಲ್ಲಿ ಅಂತ ಭಾಷಣ ಮಾಡಿ. ಜನ ಆಕಳಿಸ್ಲಿ."

ಊರಿನ ಸಭೆಯಲ್ಲಿ ಜನ ನಿಜವಾಗಿಯೂ ಆಕಳಿಸಿದರು. ಆಗ ಕಂಬಳಿ ಹೊದ್ದು ಮುಂದೆ ಕೂತಿದ್ದ ಮಾಪುಲೆಂಗ್ ಎದ್ದಳು. ಅವಳು ಪುಲೆಂಗ್‌ಳ ತಾಯಿ.

"ಇವಳಿಗೆ ಹೇಳಕ್ಕೆ ಬರಲ್ಲ, ನಾನು ಹೇಳ್ತೀನಿ ಕೇಳಿ. ನಾವಿಬ್ರೂ ಒಂದೇ ದಿನ ಮಕ್ಕಳನ್ನ ಮಣ್ಣಿಗಿಟ್ಟವರು. ಇವಳು ಗೆದ್ರೆ ನಮ್ಮ ಹೊಳೆಗೆ ಸೇತುವೆ ಬರುತ್ತೆ. ಬರ್ದಿದ್ರೆ ನನ್ನ ಮನೆ ಬಾಗಿಲಿಗೆ ಬಂದು ಕೇಳಿ!"

ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಮಾಲಿನಿಯೊ ಆ ಮಾತನ್ನು ತಿದ್ದಲಿಲ್ಲ. ತಿದ್ದುವ ಮನಸ್ಸೂ ಇರಲಿಲ್ಲ. ಮಾಪುಲೆಂಗ್ ಹಿಟ್ಟಿನ ಗಂಟು ಕಟ್ಟಿಕೊಂಡು ಬೆಟ್ಟದ ಮೇಲಿನ ಒಂಟಿ ಮನೆಗಳಿಗೂ ನಡೆದುಹೋಗಿ ವೋಟು ಕೇಳಿದಳು.

ಮಾಲಿನಿಯೊ ಗೆದ್ದಳು. ನಾಲ್ಕು ಪಕ್ಷಗಳು ಸೇರಿ ಮಾಡಿದ ಸರ್ಕಾರದಲ್ಲಿ ರಸ್ತೆ ಸೇತುವೆಗಳ ಮಂತ್ರಿಯೂ ಆದಳು. ಆದರೆ ಆ ವರ್ಷದ ಹಣದಲ್ಲಿ ಗುಡ್ಡದ ಸೀಮೆಗೆ ಕಟ್ಟಬಹುದಾಗಿದ್ದದ್ದು ಒಂದೇ ಸೇತುವೆ.

"ನಿಮ್ಮೂರಿಗೇ ಹಾಕ್ಕೊಳ್ಳಿ, ಅಮ್ಮ. ಯಾರು ಬೇಡ ಅಂತಾರೆ? ಎಲ್ಲರೂ ಮಾಡೋದು ಹಾಗೇ ತಾನೆ," ಎಂದರು ಕಚೇರಿಯ ಹಿರಿಯರು.

ಹಾಕಿಕೊಳ್ಳಬೇಕೆಂದೇ ಇದ್ದಳು. ಅದಕ್ಕೆ ಮುಂಚೆ, ಸೇತುವೆಗೆ ಅರ್ಜಿ ಹಾಕಿದ್ದ ಬೇರೆ ಕಣಿವೆಯ ಹಾ-ಲೆಪೋನೊ ಎಂಬಲ್ಲಿಗೆ ಕುದುರೆಯ ಮೇಲೆ ಹೋಗಿಬಂದಳು. ಎಂಜಿನಿಯರಿನ ಹಳೆಯ ಅಭ್ಯಾಸ, ನೋಡದೆ ತೀರ್ಮಾನಿಸುತ್ತಿರಲಿಲ್ಲ. ಅಲ್ಲಿ ಹೊಳೆಯ ಆಚೆ ಐದು ಊರು, ಈಚೆ ಆಸ್ಪತ್ರೆ. ಹಿಂದಿನ ಮಳೆಗಾಲದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಹುಡುಗಿಯನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದವರು, ನೀರು ಇಳಿಯಲೆಂದು ದಡದಲ್ಲೇ ಕಾದಿದ್ದರು. ಹುಡುಗಿ ಕಾಯಲಿಲ್ಲ. ಅವಳಿಗಿಂತ ಮುಂಚೆಯೂ ಹಾಗೆ ಹೋದವರಿದ್ದರು. ಹಿಂದಿರುಗುವಾಗ ಮಾಲಿನಿಯೊ ಕುದುರೆಯಿಂದಿಳಿದು ಕಲ್ಲಿನ ಮೇಲೆ ಕೂತು ಅತ್ತಳು. ಯಾವುದು ಮೊದಲಾಗಬೇಕೆಂದು ಅವಳಿಗೆ ಗೊತ್ತಾಗಿಹೋಗಿತ್ತು.

ಸುದ್ದಿ ಬೇರೆಯವರಿಂದ ತಿಳಿಯಬಾರದೆಂದು ಊರಿಗೆ ತಾನೇ ಹೋದಳು. ಮಾಪುಲೆಂಗ್ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

"ನಮ್ದು ಮುಂದಿನ ವರ್ಷ ಕಣೆ. ಅಲ್ಲಿ ಬಸುರಿಯರು ಸಾಯ್ತಿದಾರೆ."

"ಇಲ್ಲಿ ಸತ್ತೋರು ಯಾರು?"

ಮಾಪುಲೆಂಗ್ ಸೊಪ್ಪನ್ನು ಪಕ್ಕಕ್ಕೆ ತಳ್ಳಿದಳು.

"ಮನೆಮನೆಗೆ ಹೋಗಿ ಮಾತು ಕೊಟ್ಟೋಳು ನಾನು. ನಿನಗೇನು, ಕಾರಲ್ಲಿ ಹೋಗ್ತೀಯ. ದಿನಾ ಈ ಮುಖ ಹೊತ್ಕೊಂಡು ನೀರಿಗೆ ಹೋಗ್ಬೇಕಾದೋಳು ನಾನು. ನನ್ನ ಮುಖಕ್ಕೆ ಮಸಿ ಬಳಿದುಬಿಟ್ಟೆಯಲ್ಲೇ!"

"ಮುಂದಿನ ವರ್ಷ ಖಂಡಿತ—"

"ಎದ್ದು ಹೋಗು. ಊಟಕ್ಕಿರು ಅನ್ನಕ್ಕೂ ಬಾಯಿ ಬರ್ತಿಲ್ಲ ನಂಗೆ."

ಮನೆಯಲ್ಲಿ ಲೆಬೆಕೊ ಜೋಳದ ಮುದ್ದೆ ಬಡಿಸಿ ಎದುರಿಗೆ ಕೂತ. "ನೀನು ಮಾಡಿದ್ದು ಸರೀನೇ ಇರ್ಬೋದು," ಎಂದ. "ಒಂದ್ಸಲ ತಪ್ಪು ಮಾಡ್ಬೋದಿತ್ತಲ್ಲ, ನಮಗೋಸ್ಕರ."

ಆ ಬೇಸಿಗೆಯಲ್ಲಿ ಕುರಿಗಳನ್ನು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿನ ಗುಡಿಸಲಿಗೆ ಹೋದ. ಹಿಮ ಬಿದ್ದಾಗ ಕುರಿಗಳು ಕೆಳಗಿಳಿದವು, ಅವನೂ ಇಳಿದ. ಆದರೆ ತನ್ನ ತಾಯಿಯ ಮನೆಗೆ.

ಮುಂದಿನ ವರ್ಷ ಬರಲಿಲ್ಲ. ಪಕ್ಷಗಳು ಜಗಳವಾಡಿಕೊಂಡು ಸರ್ಕಾರ ಬಿತ್ತು, ಮತ್ತೆ ಚುನಾವಣೆಯಾಯಿತು. ಹಾ-ತ್ಸೆಕಾದಲ್ಲಿ ಅವಳ ಸಭೆಗೆ ಬಂದವರು ಕೈಬೆರಳಲ್ಲಿ ಎಣಿಸುವಷ್ಟು. ಹಾ-ಲೆಪೋನೊದವರ ವೋಟು ಬೇರೆ ಕ್ಷೇತ್ರದ್ದು. ಸೋತಳು.

ಹಾ-ಲೆಪೋನೊ ಸೇತುವೆಯ ಉದ್ಘಾಟನೆ ಹೊಸ ಮಂತ್ರಿಯ ಕೈಯಲ್ಲಿ ಆಯಿತು. ಅವಳನ್ನು ಯಾರೂ ಕರೆದಿರಲಿಲ್ಲ. ಆದರೂ ಹೋಗಿ ಜನರ ಹಿಂದೆ ನಿಂತಳು. ಬೆನ್ನಿಗೆ ಕೂಸು ಕಟ್ಟಿಕೊಂಡ ಹೆಂಗಸೊಬ್ಬಳು, "ಸ್ವಲ್ಪ ಜಾಗ ಬಿಡಕ್ಕಾ," ಎಂದು ಅವಳನ್ನು ಸರಿಸಿ ಆಚೆ ದಡಕ್ಕೆ ಸರಸರನೆ ನಡೆದುಹೋದಳು. ಮಾಲಿನಿಯೊ ಅವಳನ್ನೇ ನೋಡುತ್ತಾ ನಿಂತಳು. ಸಂತೋಷವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ರಾಜಧಾನಿಯ ಮನೆ ಖಾಲಿ ಮಾಡಿ ಊರಿಗೆ ಬಂದಾಗ ಮಳೆಗಾಲ ಶುರುವಾಗಿತ್ತು. ಮೊದಲ ಬೆಳಿಗ್ಗೆಯೇ ಹೊಳೆಯ ಹತ್ತಿರ ಹೋದಳು. ಮಾಪುಲೆಂಗ್ ತನ್ನ ಚಿಕ್ಕ ಮಗಳನ್ನು ಬೆನ್ನಮೇಲೆ ಹೊತ್ತು ನೀರಿಗಿಳಿದಿದ್ದಳು. ದಡದಲ್ಲಿ ಇನ್ನೂ ಏಳೆಂಟು ಮಕ್ಕಳು ಸರದಿಗೆ ಕಾಯುತ್ತಿದ್ದರು. ಮಾಲಿನಿಯೊ ಚಪ್ಪಲಿ ಬಿಟ್ಟು, ಲಂಗ ಎತ್ತಿ ಕಟ್ಟಿ, ಒಬ್ಬಳನ್ನು ಹೆಗಲಿಗೇರಿಸಿಕೊಂಡಳು.

ನಡುನೀರಿನಲ್ಲಿ ಇಬ್ಬರೂ ಎದುರಾದರು.

"ಎಡಕ್ಕೆ ಹೋಗ್ಬೇಡ, ಗುಂಡಿ ಇದೆ," ಎಂದಳು ಮಾಪುಲೆಂಗ್. ಮುಖ ನೋಡಲಿಲ್ಲ.

ಆ ಮಳೆಗಾಲವೆಲ್ಲ ಇಬ್ಬರೂ ಹೀಗೆ ಮಕ್ಕಳನ್ನು ದಾಟಿಸಿದರು. ಗುಂಡಿ, ಜಾರು, ನೀರಿನ ಏರಿಳಿತ, ಇವನ್ನು ಬಿಟ್ಟು ಅವರ ನಡುವೆ ಬೇರೆ ಮಾತು ಹುಟ್ಟಲಿಲ್ಲ. ಹಾ-ತ್ಸೆಕಾ ಹೊಳೆಗೆ ಸೇತುವೆ ಇನ್ನೂ ಆಗಿಲ್ಲ.