ಗೋಡೆಗೆ ಒರಗಿದವನು ಯಾರು

ಮೇ ತಿಂಗಳ ಒಂದು ಶವಸಂಸ್ಕಾರದಲ್ಲಿ ಬರ್ನಿಸ್ ವಿಸ್ನಿಕಿಯ ಮಾನ ಹೋಯಿತು. ತೀರಿಕೊಂಡವಳು ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಮುದುಕಿಯಾದ್ದರಿಂದ ಇಡೀ ಊರೇ ನೆರೆದಿತ್ತು. ಕರಿ ಕೋಟು ತೊಟ್ಟ ಬರ್ನಿಸ್ ಮುಂದಿನ ಸಾಲಿನಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿದ್ದೇ ತಡ, ಹಿಂದಿನ ಸಾಲುಗಳಲ್ಲಿ ಯಾರೋ ಕೆಮ್ಮಿದರು, ಇನ್ಯಾರೋ ಕರವಸ್ತ್ರ ಬಾಯಿಗೆ ತುರುಕಿಕೊಂಡರು. ಅವಳ ಬೆನ್ನ ತುಂಬ ಹೆಗಲಿನಿಂದ ಸೊಂಟದವರೆಗೆ ತಿಳಿಹಸಿರು ಪಟ್ಟೆಗಳು ಸಾಲಾಗಿ ಮೂಡಿದ್ದವು. ಮನೆಯಿಂದ ಹೊರಡುವಾಗ ಹೊರಗೋಡೆಗೆ ಒರಗಿ ಬೂಟಿನ ಲೇಸು ಕಟ್ಟಿಕೊಂಡಿದ್ದಳು, ಅಷ್ಟೇ.

ಆ ಮನೆಗೆ ಅಲ್ಯೂಮಿನಿಯಂ ಪಟ್ಟಿಗಳ ಹೊದಿಕೆ ಹಾಕಿಸಿ ಮೂವತ್ತೈದು ವರ್ಷವಾಗಿತ್ತು. ಅಮೆರಿಕದ ಎರಿ ಸರೋವರದ ಗಾಳಿ, ಹಿಮ, ಬಿಸಿಲು ಎಲ್ಲವನ್ನೂ ತಿಂದು ಅದರ ಹಸಿರು ಬಣ್ಣ ಸೀಮೆಸುಣ್ಣದ ಹಾಗೆ ಪುಡಿಯಾಗಿ ನಿಂತಿತ್ತು. ಮುಟ್ಟಿದವರ ಕೈಗೆಲ್ಲ ಹಸಿರು.

"ಈ ಬೇಸಿಗೆಯಲ್ಲಿ ಮನೆಗೆ ಬಣ್ಣ ಆಗ್ಬೇಕು, ಚೆಟ್," ಎಂದಳು ಬರ್ನಿಸ್ ಮನೆಗೆ ಬಂದವಳೇ. "ಇಲ್ಲಾಂದ್ರೆ ಮುಂದಿನ ಸಾವಿಗೆ ನಾನು ಹೋಗಲ್ಲ. ಅದು ನಿಂದೇ ಆಗಿದ್ರೂ ಸರಿ."

ಅವಳ ಗಂಡ ಚೆಟ್, ಅಂದರೆ ಚೆಸ್ಟರ್ ವಿಸ್ನಿಕಿ, ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದವನು. ಕೆಲಸಕ್ಕೆ ಹಿಂಜರಿಯುವವನಲ್ಲ, ಆದರೆ ಯಾರನ್ನೂ ಕೇಳಿ ಮಾಡುವವನೂ ಅಲ್ಲ. ಸಾಬೂನು ನೀರಿಗೆ ವಿನೆಗರ್ ಬೆರೆಸಿ, ಉದ್ದ ಹಿಡಿಯ ಮೆತ್ತನೆಯ ಬ್ರಷ್ಷು ಹಿಡಿದು, ಕೆಳಗಿನಿಂದ ಮೇಲಕ್ಕೆ ಗೋಡೆ ತೊಳೆಯತೊಡಗಿದ. ಹಸಿರು ಹಾಲಿನಂಥ ನೀರು ಅವನ ಅಂಗಿಯ ತೋಳಿನೊಳಗೆ ಇಳಿದು ಕಂಕುಳಲ್ಲಿ ನಿಲ್ಲುತ್ತಿತ್ತು.

ಎರಡನೆಯ ದಿನ ಪೂರ್ವದ ಗೋಡೆಗೆ ಬಂದವನು ಬಕೆಟ್ಟು ಕೆಳಗಿಟ್ಟು ನಿಂತುಬಿಟ್ಟ. ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ಪುಡಿಯೇ ಇರಲಿಲ್ಲ. ಎರಡು ಹೆಗಲು, ಅಗಲವಾದ ಬೆನ್ನು, ಅದಕ್ಕಿಂತ ಅಗಲವಾದ ಕುಂಡೆ ಅಚ್ಚು ಹೊಯ್ದಂತೆ ಮೂಡಿ, ಅಷ್ಟು ಜಾಗ ಮಾತ್ರ ಹೊಸ ಮನೆಯಂತೆ ಕಡುಹಸಿರಾಗಿ ಹೊಳೆಯುತ್ತಿತ್ತು. ಯಾವನೋ ಗಂಡಸು ದಿನದಿನವೂ ಬಂದು ತನ್ನ ಮನೆಗೆ ಒರಗಿ ನಿಲ್ಲುತ್ತಿದ್ದಾನೆ.

"ಬರ್ನಿಸ್, ಅಡುಗೆಮನೆ ಹತ್ರ ನಿನ್ನ ಜೊತೆ ಯಾರಾದ್ರೂ ಮಾತಾಡ್ತಾರಾ?"

"ನೀನೇ ಮಾತಾಡಲ್ಲ, ಇನ್ಯಾರು ಮಾತಾಡ್ತಾರೆ?"

ಚೆಟ್‌ಗೆ ನೆಮ್ಮದಿಯೂ ಆಯಿತು, ಸ್ವಲ್ಪ ಬೇಜಾರೂ ಆಯಿತು. ಆದರೂ ಭಾನುವಾರ ಪೂಜೆ ಮುಗಿದ ಮೇಲೆ, ಚರ್ಚಿನ ಹಜಾರದಲ್ಲಿ ಎಲ್ಲರೂ ಕಾಫಿ, ಡೋನಟ್ ಹಿಡಿದು ನಿಂತಿದ್ದಾಗ, ಅವನು ಒಬ್ಬೊಬ್ಬ ಗಂಡಸಿನ ಹಿಂದೆಯೂ ಹೋಗಿ ಬೆನ್ನಿಗೆ ಹಸಿರು ಹತ್ತಿದೆಯೇ ಎಂದು ಬಗ್ಗಿ ಬಗ್ಗಿ ನೋಡಿದ. ಪಾದ್ರಿಗಳನ್ನೂ ಬಿಡಲಿಲ್ಲ.

"ಏನಾದ್ರೂ ಕಳ್ಕೊಂಡಿದೀಯಾ ಮಗು?" ಎಂದು ಪಾದ್ರಿಗಳು ತಿರುಗದೆಯೇ ಕೇಳಿದರು.

"ಹುಡುಕ್ತಿದೀನಿ ಫಾದರ್. ನಿಮ್ಮ ಹತ್ರ ಇಲ್ಲ."

ಉಳಿದವನು ಒಬ್ಬನೇ, ಪಕ್ಕದ ಮನೆಯ ಮೈಲೋ ಟ್ರೆಫ್ನಿ. ಹನ್ನೊಂದು ವರ್ಷಗಳ ಹಿಂದೆ ಚರ್ಚಿನ ವನಭೋಜನದಲ್ಲಿ ಕುದುರೆ ಲಾಳ ಎಸೆಯುವ ಆಟವಾಡುತ್ತ, ಯಾರ ಲಾಳ ಗೂಟಕ್ಕೆ ಹತ್ತಿರ ಬಿತ್ತೆಂದು ಜಗಳವಾಗಿ, ಆವತ್ತಿನಿಂದ ಇಬ್ಬರಿಗೂ ಮಾತಿರಲಿಲ್ಲ. ಚೆಟ್ ಬರುವುದನ್ನು ಕಂಡದ್ದೇ ಮೈಲೋ ತನ್ನ ಕಂದು ಜಾಕೆಟ್ಟಿನ ಬೆನ್ನನ್ನು ಗೋಡೆಗೆ ಅಂಟಿಸಿದ. ಹಾಗೆಯೇ ಏಡಿಯಂತೆ ಅಡ್ಡಡ್ಡ ಸರಿಯುತ್ತ, ಸೂಚನಾಫಲಕವನ್ನೂ ಅದರಲ್ಲಿದ್ದ ಕಾಗದಗಳನ್ನೂ ಕೆಳಗೆ ಬೀಳಿಸಿ, ಬಾಗಿಲಿನಿಂದ ಮಾಯವಾದ.

ಚೆಟ್‌ಗೆ ಅಷ್ಟೇ ಸಾಕಾಗಿತ್ತು. ಇನ್ನು ಮೈಲೋ ಕೈಗೆ ಸಿಕ್ಕಿಬೀಳುವುದೊಂದೇ ಬಾಕಿ.

ಆ ವಾರ ಅವನು ತೊಳೆಯುವುದನ್ನು ಮುಗಿಸಿದ. ಬರ್ನಿಸ್‌ಗೆ ಪುಡಿಯೆಲ್ಲ ಹೋಯಿತೆಂಬ ಅವನ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಜೂನ್ ತಿಂಗಳ ಸೆಕೆಯಲ್ಲಿ ಕರಿ ಕೋಟು ತೊಟ್ಟು ಗುಂಡಿ ಹಾಕಿಕೊಂಡು ಹೊರಬಂದಳು. ಮುಂಬಾಗಿಲಿನಿಂದ ಶುರುಮಾಡಿ ಮನೆಯ ನಾಲ್ಕೂ ಗೋಡೆಗೆ ಎಮ್ಮೆ ಮೈ ತಿಕ್ಕಿದ ಹಾಗೆ ಬೆನ್ನು ತಿಕ್ಕುತ್ತ ಒಂದು ಸುತ್ತು ಬಂದಳು. ಎದುರು ಮನೆಯವರು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ನೋಡಿದರು. ಕೋಟಿಗೆ ಒಂದು ಚೂರೂ ಹಸಿರು ಹತ್ತಲಿಲ್ಲ.

"ಈಗ ಬಳಿ," ಎಂದು ಅಪ್ಪಣೆಯಾಯಿತು.

ಚೆಟ್ ಹೊಳಪಿದ್ದ ಕಡೆಯೆಲ್ಲ ಮರಳು ಕಾಗದ ಉಜ್ಜಿದ, ಬಣ್ಣ ಹಿಡಿಯಲೆಂದು ಅಡಿಗೆ ಪ್ರೈಮರ್ ಹೊಡೆದ, ಮನೆಯ ಮುಂಭಾಗದ ಗೋಡೆಗೆ ಕೆನೆಬಣ್ಣ ಬಳಿದ. ಪೂರ್ವದ ಗೋಡೆಯನ್ನು ಮಂಗಳವಾರಕ್ಕೆ ಇಟ್ಟುಕೊಂಡಿದ್ದ. ಆವತ್ತು ಮಧ್ಯಾಹ್ನ ಬೇಸ್‌ಬಾಲ್ ಪಂದ್ಯ. ಅವನು ಯಾವಾಗಲೂ ಅಡುಗೆಮನೆಯಲ್ಲಿ ಕೂತು ರೇಡಿಯೋದಲ್ಲಿ ಕೇಳುವುದು. ಬರ್ನಿಸ್ ತಂಗಿಯ ಮನೆಗೆ ಹೋಗಿದ್ದಳು. ಮೈಲೋನ ಬೆನ್ನಿನ ಜಾಗಕ್ಕೆ ದಪ್ಪಗೆ ಬಣ್ಣ ಬಳಿದು, ತಾನು ಒಳಗೇ ಇದ್ದೇನೆಂದು ತೋರಲು ಕಿಟಕಿ ತೆರೆದು ರೇಡಿಯೋ ಜೋರು ಮಾಡಿ, ಚೆಟ್ ಗೋಡೆಯ ಮೂಲೆಯಲ್ಲಿ ಅಡಗಿ ಕೂತ.

ಮೈಲೋ ಬರಲಿಲ್ಲ. ಪಂದ್ಯ ಬಿಗಿಯಾಗುತ್ತ ಹೋಯಿತು. ಕೊನೆಯ ಸರದಿಗೆ ಬರುವಷ್ಟರಲ್ಲಿ ಚೆಟ್ ತಾನು ಯಾಕೆ ಅಡಗಿದ್ದೇನೆಂಬುದನ್ನೇ ಮರೆತು ಕಿಟಕಿಯ ಬಳಿ ಬಂದು ನಿಂತಿದ್ದ. ತಮ್ಮ ತಂಡದವನೊಬ್ಬ ಚೆಂಡನ್ನು ಮೈದಾನದ ಬೇಲಿಯಾಚೆ ಹಾರಿಸಿದ. ಚೆಟ್ ಕುಣಿದ, ಟೋಪಿ ಎಸೆದ, "ಅಬ್ಬಾ" ಎಂದು ಹಿಂದಕ್ಕೆ ಒರಗಿದ. ಬೆನ್ನಿಗೆ ತಣ್ಣಗಾಯಿತು.

ಎರಡು ಮನೆಗಳ ನಡುವಿನ ಪೊದೆಬೇಲಿಯ ಹಿಂದಿನಿಂದ ಯಾರೋ ಬಿದ್ದು ಬಿದ್ದು ನಗುವ ಸದ್ದು ಕೇಳಿಸಿತು. ಎಲೆಗಳ ಮೇಲೆ ಮೈಲೋನ ಕೆಂಪು ಮುಖ ಎದ್ದಿತು. ಕಣ್ಣಲ್ಲಿ ನೀರು.

"ಅಲ್ಲೇ ಇರು, ಅಲ್ಲಾಡ್ಬೇಡ," ಎಂದ ಮೈಲೋ, ಹನ್ನೊಂದು ವರ್ಷದಲ್ಲಿ ಮೊದಲ ಸಲ. "ಅಲ್ಲಾಡಿದ್ರೆ ಇನ್ನೂ ಕೆಡುತ್ತೆ."

"ನನ್ನ ಗೋಡೆಗೆ ಯಾಕೋ ಒರಗ್ತೀಯ?"

"ಹೆಂಡ್ತಿ ಡಾಲರೆಸ್ ನನ್ನ ರೇಡಿಯೋ ಎಸೆದ್ಲು. ನಮ್ಮ ತಂಡ ಸೋತಾಗ ಅದನ್ನ ಕಾಲಿಂದ ಒದ್ದೆ ಅಂತ. ಪಂದ್ಯ ಕೇಳಿದ್ರೆ ನಂಗೆ ರಕ್ತದೊತ್ತಡ ಏರುತ್ತಂತೆ. ಇನ್ನೆಲ್ಲಿ ಕೇಳ್ಲಿ ಮಾರಾಯ?"

"ಬಂದು ಬಾಗಿಲು ತಟ್ಟೋಕೇನಾಗಿತ್ತು?"

"ಮಾತು ಬಿಟ್ಟಿದ್ವಲ್ಲ."

ಮೈಲೋ ಅಷ್ಟರಲ್ಲೇ ಬೇಲಿಯನ್ನು ಸೀಳಿಕೊಂಡು ಒಳಗೆ ಬಂದಿದ್ದ. ಮೂವತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದ ಮನುಷ್ಯ ಅವನು. ಚೆಟ್‌ನನ್ನು ತೋಳು ಹಿಡಿದು ಗೋಡೆಯಿಂದ ಸಿಪ್ಪೆಯಂತೆ ಬಿಡಿಸಿ, ಬ್ರಷ್ಷು ಕಿತ್ತುಕೊಂಡ.

"ವಾರದಿಂದ ನೋಡ್ತಿದೀನಿ, ಹೊಟ್ಟೆ ಉರೀತಿದೆ. ಕಾದ ತಗಡಿಗೆ ಯಾರಾದ್ರೂ ಬಣ್ಣ ಬಳೀತಾರಾ? ಮುಂದಿನ ಗೋಡೆ ನೋಡು, ಕೋಳಿ ಕೆರೆದ ಹಾಗಿದೆ. ನೆರಳಿದ್ದಾಗ ಹಿಡೀಬೇಕು. ಒಂದು ಪಟ್ಟಿ ಹಿಡಿದ್ರೆ ಈ ಮೂಲೆಯಿಂದ ಆ ಮೂಲೆವರೆಗೂ ಮುಗಿಸ್ಬೇಕು, ಮಧ್ಯೆ ಬಿಟ್ರೆ ಗೆರೆ ಬೀಳುತ್ತೆ."

"ಇಷ್ಟೆಲ್ಲ ಗೊತ್ತಿದ್ದೂ ಸುಮ್ನೆ ಇದ್ಯಾ?"

"ಬೇಲಿಯಿಂದ ಎರಡು ಸಲ ಕೆಮ್ಮಿದೆ. ನಿಂಗೆ ಅರ್ಥ ಆಗ್ಲಿಲ್ಲ."

ಬರ್ನಿಸ್ ಬಂದಾಗ ಬೆನ್ನೆಲ್ಲ ಕೆನೆಬಣ್ಣವಾದ ಗಂಡ ಮೇಲಿನ ಪಟ್ಟಿಯನ್ನೂ, ಬದ್ಧವೈರಿ ಕೆಳಗಿನ ಪಟ್ಟಿಯನ್ನೂ ಬಳಿಯುತ್ತಿದ್ದರು. ಇಬ್ಬರ ಬಾಯಿಯೂ ನಿಂತಿರಲಿಲ್ಲ. ಅವಳು ಒಳಗೆ ಹೋಗಿ ಆಲೂಗಡ್ಡೆ ತುಂಬಿದ ಪಿಯರೋಗಿ ಕಡುಬು ಬೇಯಿಸಿ, ಬೆಣ್ಣೆಯಲ್ಲಿ ಈರುಳ್ಳಿ ಹುರಿದು ಸುರಿದು ತಂದಳು. ಮೈಲೋ ಹದಿನಾಲ್ಕು ತಿಂದ.

ಮುಂಭಾಗದ ಗೋಡೆಯನ್ನು ಮತ್ತೆ ಬಳಿಯಬೇಕಾಯಿತು. ಹತ್ತು ದಿನದಲ್ಲಿ ಮನೆ ಮುಗಿಯಿತು. ಆ ಬೀದಿಯಲ್ಲಿ ಅಷ್ಟು ನುಣುಪಾದ ಮನೆ ಇನ್ನೊಂದಿರಲಿಲ್ಲ. ಕೊನೆಗೆ ಉಳಿದದ್ದು ಮುಂಬಾಗಿಲು. ಚೆಟ್ ನೀಲಿ ಎಂದ, ಮೈಲೋ ಕೆಂಪು ಎಂದ. ಮಾತಿಗೆ ಮಾತು ಬೆಳೆಯಿತು. ಮೈಲೋ ತನ್ನ ಬ್ರಷ್ಷು ಎತ್ತಿಕೊಂಡು, ಸತ್ತರೂ ಈ ಅಂಗಳಕ್ಕೆ ಕಾಲಿಡುವುದಿಲ್ಲವೆಂದು ಹೇಳಿ ಬೇಲಿ ದಾಟಿ ಹೋದ.

ಗುರುವಾರ ಮಧ್ಯಾಹ್ನ ಪಂದ್ಯ ಶುರುವಾಗುವುದಕ್ಕೆ ಐದು ನಿಮಿಷ ಮುಂಚೆ, ನೀಲಿ ಬಾಗಿಲನ್ನು ಯಾರೋ ತಟ್ಟಿದರು.