ಕೀಲಿಕಂಡಿಯಿಲ್ಲದ ಬಾಗಿಲು

ಬೀಗದ ಮೇಲೆ ನೀಲಿ ದೀಪ ಸುತ್ತುತ್ತಲೇ ಇದೆ, ಫೋನಿನಲ್ಲೂ ಅದೇ, ಸಂಪರ್ಕಿಸಲಾಗುತ್ತಿದೆ, ಸಂಪರ್ಕಿಸಲಾಗುತ್ತಿದೆ — ಯಾರನ್ನು ಹುಡುಕುತ್ತಿದ್ದೀಯೋ ಪುಣ್ಯಾತ್ಮ, ಮನೆಯವಳು ನಾನು ಇಲ್ಲೇ ನಿಂತಿದ್ದೇನಲ್ಲ, ಕಸದ ಚೀಲ ಹೊರಗಿಟ್ಟು ತಿರುಗುವಷ್ಟರಲ್ಲಿ ಗಾಳಿಗೆ ಬಾಗಿಲು ದಢಾರ್, ಒಳಗೆ ಪುಟ್ಟಿ, ಈಗಷ್ಟೇ ಹಿಡಿದು ನಿಲ್ಲಲು ಕಲಿತವಳು, ಒಳಗೆ ಇಸ್ತ್ರಿಪೆಟ್ಟಿಗೆ, ನಾನು ಹೊಲಿದ ಗಿರಾಕಿಯ ಕೋಟು ಉಜ್ಜಲೆಂದು ಕಾಯಲಿಟ್ಟದ್ದು. ಆಫೀಸಿನಲ್ಲಿರುವ ಇವರಿಗೆ ಫೋನು ಹಚ್ಚಿದೆ, ರೀ, ಬಾಗಿಲು ತೆಗೀತಿಲ್ಲ, ಇಸ್ತ್ರಿಯ ಪ್ಲಗ್ಗಾದ್ರೂ ಆಫ್ ಮಾಡಿ ನಿಮ್ ಫೋನಲ್ಲಿ. ನಂದೂ ತಿರುಗ್ತಾನೇ ಇದೆ ಕಣೆ, ಕಂಪನಿಯವರ ಸರ್ವರೇ ಬಿದ್ದಿದೆಯಂತೆ, ಐದು ನಿಮಿಷ ತಾಳ್ಕೋ. ತಾಳಬೇಕಂತೆ. ಈ ಬೀಗ ಹಾಕಿಸಿದ ದಿನವೇ ಅಕ್ಕ ಹೇಳಿದ್ದಳು, ಮನೆಯೊಳಗೇ ಒಂದು ಡಬ್ಬಿ ಇಡ್ರೋ, ಬೀಗ, ಪ್ಲಗ್ಗು ಎಲ್ಲ ಅದರ ಮಾತೇ ಕೇಳ್ಲಿ, ಇಂಟರ್ನೆಟ್ ಸತ್ರೂ ನಡೆಯುತ್ತೆ, ಜೊತೆಗೊಂದು ಕೀಲಿನೂ ಇರ್ಲಿ; ಇವರು ನಕ್ಕಿದ್ದರು, ನಿಮ್ಮಕ್ಕನಿಗೆ ಎಲ್ಲಾ ಸೆರಗಲ್ಲಿ ಗಂಟು ಹಾಕ್ಕೊಂಡಿರ್ಬೇಕು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ, ನನ್ನ ಹೊಸ್ತಿಲು ದಾಟಲು ಎಲ್ಲೋ ಇರುವ ಯಂತ್ರದ ಅಪ್ಪಣೆ. ಕಿಟಕಿಗೆ ಮುಖ ಒತ್ತುತ್ತೇನೆ, ಉಸಿರಿಗೆ ಗಾಜು ಮಂಜಾಗುತ್ತದೆ, ಒರೆಸುತ್ತೇನೆ — ಪುಟ್ಟಿ ನನ್ನನ್ನು ಕಂಡಳು, ನಕ್ಕಳು, ಕಣ್ಣಾಮುಚ್ಚಾಲೆ ಅಂದುಕೊಂಡಳೋ ಏನೋ, ಬೇಡ ಕಂದಾ, ಏಳಬೇಡ, ಕೂತ್ಕೋ, ಕೂತ್ಕೊಳ್ಳೇ, ಏಳಲು ಆಸರೆ ಹುಡುಕುತ್ತ ಆ ಕೈ ಮೇಜಿನಿಂದ ಜೋತ ವೈರಿನ ಮೇಲೆ, ಬೆರಳು ಮಡಚಿತು, ಮುಷ್ಟಿಯಾಯಿತು, ಮೇಲೆ ಪೆಟ್ಟಿಗೆ ಒಂದಿಷ್ಟು ಸರಿಯಿತು. ಹೂಕುಂಡ ಯಾವಾಗ ಎತ್ತಿದೆ, ಗೊತ್ತಿಲ್ಲ, ಗಾಜು ಒಡೆದ ಸದ್ದೂ ಕೇಳಿಸಲಿಲ್ಲ, ಚಿಲಕ, ಮೊಣಕಾಲು, ನೆಲ, ಅವಳು ಬೆಚ್ಚಿ ಎಳೆದೇಬಿಟ್ಟಳು — ಬೀಳುತ್ತಿದ್ದದ್ದನ್ನು ಬರಿಗೈಯಲ್ಲಿ ತಳ್ಳಿದೆ, ಚುರ್ ಎಂದಿತು, ಪೆಟ್ಟಿಗೆ ಗೋಡೆಗೆ ಬಡಿದು ಆಚೆ ಬಿತ್ತು, ಕಾಲಿನಿಂದ ಪ್ಲಗ್ ಕಿತ್ತೆ. ಅವಳಿಗೆ ಏನೂ ಆಗಿಲ್ಲ, ಕೆನ್ನೆ ನೋಡಿದೆ, ಕಾಲು ನೋಡಿದೆ, ಏನೂ ಆಗಿಲ್ಲ, ಅಳುತ್ತಿದ್ದಾಳೆ ಅಷ್ಟೇ, ಅಳಲಿ. ಹಿಂದೆ ಕ್ಲಿಕ್, ಬಾಗಿಲು ತಾನಾಗಿಯೇ ತೆರೆಯಿತು, ಫೋನಿನಲ್ಲಿ ಇವರು, ಸರ್ವರ್ ಬಂತು ನೋಡು, ಐದು ನಿಮಿಷ ಅಂದಿದ್ನಲ್ಲ, ಹಲೋ, ಕೇಳಿಸ್ತಿದ್ಯಾ. ಸಂಜೆ ಬನ್ನಿ, ಆ ಬೀಗ ನಾನೇ ಬಿಚ್ಚಿಸ್ತೀನಿ, ಅಂದೆನೋ, ಅಂದುಕೊಂಡೆನೋ, ಅಂಗೈ ಉರಿಯುತ್ತಿದೆ, ನೀರು ಹಾಕಬೇಕು, ಗಾಜು ಗುಡಿಸಬೇಕು, ಮೊದಲು ಈ ವೈರು, ಬಿಡು ಕಂದಾ, ಬಿಡಮ್ಮ, ಒಂದೊಂದೇ ಬೆರಳು ಬಿಡಿಸುತ್ತೇನೆ, ಮತ್ತೆ ಮಡಚುತ್ತದೆ, ಮತ್ತೆ ಬಿಡಿಸುತ್ತೇನೆ, ಮುಷ್ಟಿ, ಬಿಳಿಚಿಕೊಂಡ ಗೆಣ್ಣು, ಎಷ್ಟು ಬಿಗಿ, ಆ ಮುಷ್ಟಿ.